ಆಫೀಸಿನ ಕಾರ್ಬನ್ ಲೆಕ್ಕ: ಪೇಪರ್ ಕಪ್ಪಿಗಿಂತ ದೊಡ್ಡದು ಏನೇನಿದೆ?

ಇಪ್ಪತ್ತು ಮೂವತ್ತು ಜನರ ಚಿಕ್ಕ ಆಫೀಸುಗಳಿಗೂ ಈಗ ಒಂದು ಹೊಸ ಬಗೆಯ ಇಮೇಲ್ ಬರುತ್ತಿದೆ. ಕಳಿಸುವವರು ಅವರ ದೊಡ್ಡ ಗ್ರಾಹಕ ಕಂಪನಿ. ಜೊತೆಗೊಂದು ಎಕ್ಸೆಲ್ ಶೀಟು. ಕಳೆದ ವರ್ಷ ಎಷ್ಟು ಯೂನಿಟ್ ವಿದ್ಯುತ್ ಬಳಸಿದಿರಿ? ಜನರೇಟರಿಗೆ ಎಷ್ಟು ಲೀಟರ್ ಡೀಸೆಲ್ ಹಾಕಿದಿರಿ? ಎ.ಸಿ.ಗೆ ಗ್ಯಾಸ್ ತುಂಬಿಸಿದಿರಾ, ಎಷ್ಟು ಕಿಲೋ? ನಿಮ್ಮ ಸಿಬ್ಬಂದಿ ಆಫೀಸಿಗೆ ಹೇಗೆ ಬರುತ್ತಾರೆ?

ಅಡ್ಮಿನ್ ನೋಡಿಕೊಳ್ಳುವವರಿಗೆ ಇದು ಹೊಸ ತಲೆನೋವು. ಉತ್ತರ ಹುಡುಕುವ ಮೊದಲೇ ಆಫೀಸಿನಲ್ಲಿ ಕೆಲವು ಕೆಲಸ ಶುರುವಾಗುತ್ತದೆ. ಪ್ರಿಂಟರ್ ಮೇಲೆ 'ಬೇಕಿದ್ದರೆ ಮಾತ್ರ ಪ್ರಿಂಟ್ ಮಾಡಿ' ಅನ್ನುವ ಚೀಟಿ, ಪೇಪರ್ ಕಪ್ಪಿನ ಬದಲು ಸ್ಟೀಲ್ ಲೋಟ, ಕಿಟಕಿ ಪಕ್ಕ ನಾಲ್ಕು ಗಿಡ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಎಕ್ಸೆಲ್ ಶೀಟಿನಲ್ಲಿ ಗಿಡಕ್ಕೆ ಕಾಲಮ್ಮೇ ಇಲ್ಲ. ಕೇಳಿರುವುದೆಲ್ಲ ಬೇರೆಯೇ ವಿಷಯ. ಯಾಕೆ ಅಂತ ನೋಡೋಣ.

ಎಲ್ಲವನ್ನೂ ಅಳೆಯುವ ಒಂದೇ ಮಾಪು

ಭೂಮಿಯನ್ನು ಬಿಸಿ ಮಾಡುವ ಅನಿಲಗಳು ಹಲವಿವೆ. ಕಾರ್ಬನ್ ಡೈಆಕ್ಸೈಡ್ ಇದೆ, ಮೀಥೇನ್ ಇದೆ, ಎ.ಸಿ. ಒಳಗಿರುವ ಗ್ಯಾಸ್ ಇದೆ. ಎಲ್ಲದರ ಶಕ್ತಿಯೂ ಒಂದೇ ಸಮ ಇರುವುದಿಲ್ಲ. ಹಾಗಾಗಿ ಎಲ್ಲವನ್ನೂ ಕಾರ್ಬನ್ ಡೈಆಕ್ಸೈಡ್ ಲೆಕ್ಕಕ್ಕೆ ತಂದು ಹೇಳುತ್ತಾರೆ. ಒಂದು ಅನಿಲದ ಒಂದು ಕಿಲೋ, ನೂರು ವರ್ಷದ ಅವಧಿಯಲ್ಲಿ ಎಷ್ಟು ಕಿಲೋ ಕಾರ್ಬನ್ ಡೈಆಕ್ಸೈಡ್‌ನಷ್ಟು ಬಿಸಿ ಹೆಚ್ಚಿಸುತ್ತದೆ ಅನ್ನುವುದೇ ಆ ಲೆಕ್ಕ. ಈ ಲೇಖನದಲ್ಲಿ ಸುಮ್ನೆ 'ಕಾರ್ಬನ್' ಅಂದರೆ ಇದೇ ಅಂತ ತಿಳಿಯಿರಿ.

ಇನ್ನೊಂದು ಪದ 'ಸ್ಕೋಪ್'. ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್ ಅನ್ನುವ ಲೆಕ್ಕಪದ್ಧತಿ 2001ರಲ್ಲಿ ಬಂತು. ಇಂದು ಕಾರ್ಬನ್ ಲೆಕ್ಕ ಒಪ್ಪಿಸುವ ಬಹುತೇಕ ದೊಡ್ಡ ಕಂಪನಿಗಳು ಇದನ್ನೇ ಬಳಸುತ್ತವೆ. ಅದು ಕಾರ್ಬನ್ನನ್ನು ಮೂರು ಭಾಗ ಮಾಡುತ್ತದೆ. ನಿಮ್ಮ ಜಾಗದಲ್ಲೇ ಹೊರಬೀಳುವುದು ಸ್ಕೋಪ್ 1: ಜನರೇಟರಿನ ಹೊಗೆ, ಕಂಪನಿ ಕಾರಿನ ಪೆಟ್ರೋಲು, ಸೋರಿದ ಎ.ಸಿ. ಗ್ಯಾಸ್. ಕೊಂಡುಕೊಂಡ ವಿದ್ಯುತ್ತು ಸ್ಕೋಪ್ 2. ನಿಮ್ಮ ಆಫೀಸಿನಲ್ಲಿ ಹೊಗೆ ಬರದಿದ್ದರೂ ಎಲ್ಲೋ ಒಂದು ವಿದ್ಯುತ್ ಸ್ಥಾವರದಲ್ಲಿ ಬಂದಿರುತ್ತದಲ್ಲ, ಅದು. ಉಳಿದದ್ದೆಲ್ಲ ಸ್ಕೋಪ್ 3: ಸಿಬ್ಬಂದಿಯ ಓಡಾಟ, ವಿಮಾನ ಪ್ರಯಾಣ, ಕೊಂಡ ಲ್ಯಾಪ್‌ಟಾಪು, ಕುರ್ಚಿ, ಕಾಗದ, ಕಸ. ಇದರಲ್ಲೇ 15 ವಿಭಾಗಗಳಿವೆ.

ಇಮೇಲ್ ಬಂದ ಕಾರಣವೂ ಇಲ್ಲೇ ಇದೆ. ನೀವು ಯಾರಿಗೆ ಕೆಲಸ ಮಾಡಿಕೊಡುತ್ತೀರೋ ಅವರ ಸ್ಕೋಪ್ 3ರಲ್ಲಿ ನೀವೂ ಒಂದು ಸಾಲು. ಅವರು ತಮ್ಮ ಲೆಕ್ಕ ಒಪ್ಪಿಸಬೇಕಾದರೆ ನಿಮ್ಮ ಲೆಕ್ಕ ಬೇಕು.

ಕಾಗದ ಮತ್ತು ಕಾರು: ಒಂದು ಚಿಕ್ಕ ಗಣಿತ

ಒಂದು ರೀಮ್ ಎ4 ಹಾಳೆ ತೆಗೆದುಕೊಳ್ಳಿ. ಎ4 ಹಾಳೆ ಒಂದು ಚದರ ಮೀಟರಿನ ಹದಿನಾರನೇ ಒಂದು ಭಾಗ. ಚದರ ಮೀಟರಿಗೆ 80 ಗ್ರಾಂ ತೂಗುವ ಸಾಮಾನ್ಯ ಕಾಗದವಾದರೆ ಒಂದು ಹಾಳೆ 5 ಗ್ರಾಂ. 500 ಹಾಳೆಗೆ ಎರಡೂವರೆ ಕಿಲೋ. ಒಂದು ಕಿಲೋ ಕಾಗದ ತಯಾರಾಗುವಾಗ ಹೊರಬೀಳುವ ಕಾರ್ಬನ್ ಹೆಚ್ಚುಕಡಿಮೆ ಒಂದು ಕಿಲೋ. ಕಾರ್ಖಾನೆ ಯಾವುದು, ಅಲ್ಲಿ ಯಾವ ಇಂಧನ ಉರಿಸುತ್ತಾರೆ ಅನ್ನುವುದರ ಮೇಲೆ ಸ್ವಲ್ಪ ಆಚೀಚೆ ಆಗುತ್ತದೆ. ಅಂದರೆ ಒಂದು ರೀಮಿಗೆ ಸುಮಾರು ಎರಡೂವರೆ ಕಿಲೋ ಅಂತಿಟ್ಟುಕೊಳ್ಳೋಣ.

ಈಗ ಒಬ್ಬರು 20 ಕಿಲೋಮೀಟರ್ ದೂರದಿಂದ ಒಬ್ಬರೇ ಕಾರಿನಲ್ಲಿ ಬರುತ್ತಾರೆ ಅನ್ನೋಣ. ಹೋಗಿ ಬರಲು 40 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಾದರೆ ಸುಮಾರು 2.7 ಲೀಟರ್ ಪೆಟ್ರೋಲ್ ಬೇಕು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್. ಮುಕ್ಕಾಲು ಕಿಲೋ ತೂಗುವ ಪೆಟ್ರೋಲು 2.3 ಕಿಲೋ ಹೇಗಾಯಿತು ಅಂತ ಕೇಳಬಹುದು. ಉರಿಯುವಾಗ ಅದು ಗಾಳಿಯಿಂದ ಆಮ್ಲಜನಕ ಸೇರಿಸಿಕೊಳ್ಳುತ್ತದೆ, ಹೆಚ್ಚಿನ ತೂಕ ಅದರದ್ದು.

ಒಟ್ಟು ಆರು ಕಿಲೋಗಿಂತ ಸ್ವಲ್ಪ ಜಾಸ್ತಿ. ಒಬ್ಬರು, ಒಂದೇ ದಿನ. ಕಾಗದದಲ್ಲಿ ಹೇಳುವುದಾದರೆ 1,200 ಹಾಳೆ. ಯಾವ ಗುಮಾಸ್ತರೂ ದಿನಕ್ಕೆ 1,200 ಹಾಳೆ ಪ್ರಿಂಟ್ ಹೊಡೆಯುವುದಿಲ್ಲ, ಅಲ್ವಾ? ಆದರೂ ಚೀಟಿ ಅಂಟಿರುವುದು ಪ್ರಿಂಟರಿನ ಮೇಲೆ, ಪಾರ್ಕಿಂಗ್ ಗೋಡೆಯ ಮೇಲಲ್ಲ.

ಕಾಗದ ಪೋಲು ಮಾಡಿ ಅಂತ ಇದರರ್ಥವಲ್ಲ. ಕಾಗದ ತಯಾರಿಕೆಗೆ ನೀರು, ಮರ ಎರಡೂ ಬೇಕು. ಎಲ್ಲ ಪ್ರಿಂಟರುಗಳಲ್ಲೂ ಎರಡೂ ಬದಿ ಪ್ರಿಂಟ್ ಆಗುವಂತೆ ಒಮ್ಮೆ ಸೆಟ್ಟಿಂಗ್ ಬದಲಾಯಿಸಿದರೆ ಕೆಲಸ ಮುಗಿಯಿತು. ಐದು ನಿಮಿಷದ ಮಾತು. ಅದಕ್ಕೊಂದು ಸಮಿತಿ, ಒಂದು ಅಭಿಯಾನ ಬೇಕಿಲ್ಲ.

ಎ.ಸಿ.: ಬಿಲ್ಲಿನ ದೊಡ್ಡ ಪಾಲು

ಬಿಸಿ ಪ್ರದೇಶದ ಆಫೀಸುಗಳಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಜಾಸ್ತಿ ವಿದ್ಯುತ್ ನುಂಗುವುದು ಎ.ಸಿ. ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಉಳಿದದ್ದು ತಾನಾಗಿಯೇ ಅರ್ಥವಾಗುತ್ತದೆ.

ಎ.ಸಿ. ತಂಪನ್ನು ತಯಾರಿಸುವುದಿಲ್ಲ. ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಹಾಕುತ್ತದೆ, ಅಷ್ಟೇ. ಬಾವಿಯಿಂದ ನೀರು ಸೇದಿದ ಹಾಗೆ. ಬಾವಿ ಆಳವಾದಷ್ಟೂ ಒಂದೊಂದು ಕೊಡಕ್ಕೂ ಶ್ರಮ ಜಾಸ್ತಿ. ಇಲ್ಲಿ ಆಳ ಅಂದರೆ ಒಳಗಿನ ಮತ್ತು ಹೊರಗಿನ ತಾಪಮಾನದ ಅಂತರ. ಹೊರಗೆ 34 ಡಿಗ್ರಿ ಇದ್ದಾಗ ಒಳಗೆ 20 ಬೇಕು ಅಂದರೆ ಅಂತರ 14. 26 ಸಾಕು ಅಂದರೆ 8. ಅಂತರ ಹೆಚ್ಚಿದ್ದಾಗ ಇನ್ನೊಂದು ತೊಂದರೆ ಇದೆ. ಗೋಡೆ, ಗಾಜು, ಬಾಗಿಲ ಸಂದಿಗಳಿಂದ ಬಿಸಿ ಇನ್ನೂ ಜೋರಾಗಿ ಒಳಗೆ ಬರುತ್ತಿರುತ್ತದೆ. ಎತ್ತಬೇಕಾದ ಬಿಸಿಯೂ ಜಾಸ್ತಿ, ಎತ್ತುವ ಶ್ರಮವೂ ಜಾಸ್ತಿ. ಥರ್ಮೋಸ್ಟಾಟ್ ಒಂದೊಂದು ಡಿಗ್ರಿ ಮೇಲಿಟ್ಟಾಗಲೂ ವಿದ್ಯುತ್ ಗಮನಕ್ಕೆ ಬರುವಷ್ಟು ಉಳಿಯುವುದು ಇದಕ್ಕೇ. ಚಳಿ ದೇಶಗಳಲ್ಲಿ ಹೀಟರಿಗೂ ಇದೇ ಲೆಕ್ಕ, ದಿಕ್ಕು ಮಾತ್ರ ತಿರುವುಮುರುವು.

ಹಾಗಾದರೆ ಆಫೀಸುಗಳು ಯಾಕಿಷ್ಟು ತಣ್ಣಗಿರುತ್ತವೆ? ಒಂದು ಕಾರಣ ಬಟ್ಟೆ. ಕೋಟು ಟೈ ಹಾಕಿದವರಿಗೆ 26 ಡಿಗ್ರಿ ಸೆಖೆ. ಜಪಾನ್ ಸರ್ಕಾರ ಇದನ್ನು ಅರ್ಥ ಮಾಡಿಕೊಂಡು 2005ರಲ್ಲಿ 'ಕೂಲ್ ಬಿಜ್' ಶುರು ಮಾಡಿತು. ಬೇಸಿಗೆಯಲ್ಲಿ ಕಚೇರಿಯ ಎ.ಸಿ. 28 ಡಿಗ್ರಿಗೆ ಇಡಿ, ಕೋಟು ಟೈ ಬೇಡ ಅಂತ. ಮಂತ್ರಿಗಳೇ ಟೈ ಬಿಚ್ಚಿ ಕ್ಯಾಮೆರಾ ಮುಂದೆ ನಿಂತರು. ಮೇಲಿನವರು ಬಿಚ್ಚದೆ ಕೆಳಗಿನವರು ಬಿಚ್ಚುವುದಿಲ್ಲ, ಈ ಮಾತು ಎಲ್ಲ ಆಫೀಸಿಗೂ ಹೊಂದುತ್ತದೆ.

ಇನ್ನೊಂದು ಕಾರಣ ಹಳೆಯ ಸೂತ್ರ. ಕಟ್ಟಡದೊಳಗೆ ಎಷ್ಟು ತಂಪಿರಬೇಕು ಅಂತ ನಿರ್ಧರಿಸಲು ಇಂಜಿನಿಯರುಗಳು ಬಳಸುವ ಲೆಕ್ಕದಲ್ಲಿ ಮನುಷ್ಯನ ದೇಹ ಎಷ್ಟು ಬಿಸಿ ಬಿಡುತ್ತದೆ ಅನ್ನುವ ಒಂದು ಅಂಕಿ ಇದೆ. 2015ರಲ್ಲಿ ನೆದರ್ಲೆಂಡ್ಸ್‌ನ ಇಬ್ಬರು ವಿಜ್ಞಾನಿಗಳು ಇದನ್ನು ಕೆದಕಿ ನೋಡಿದರು. ಆ ಅಂಕಿ 70 ಕಿಲೋ ತೂಕದ, 40 ವಯಸ್ಸಿನ ಗಂಡಸಿನದ್ದು. ಹೆಂಗಸರ ದೇಹ ಅದಕ್ಕಿಂತ ಕಡಿಮೆ ಬಿಸಿ ಬಿಡುತ್ತದೆ ಅಂತ ಅವರು ತೋರಿಸಿದರು. ಆಫೀಸಿನಲ್ಲಿ ಶಾಲು ಹೊದ್ದು ಕೂರುವವರು ಯಾರು ಅಂತ ಒಮ್ಮೆ ಸುತ್ತ ನೋಡಿ. ಅವರು ದೂರು ಹೇಳಿದಾಗ ಎ.ಸಿ. ಸ್ವಲ್ಪ ಏರಿಸಿದರೆ ಅವರಿಗೂ ಹಿತ, ಬಿಲ್ಲಿಗೂ ಹಿತ. ಸೆಖೆ ಅನ್ನುವವರಿಗೆ ಫ್ಯಾನ್ ಇದೆ. ಫ್ಯಾನು ಎ.ಸಿ.ಗೆ ಹೋಲಿಸಿದರೆ ತೀರಾ ಕಡಿಮೆ ವಿದ್ಯುತ್ತಿನಲ್ಲಿ ಮೈಗೆ ಗಾಳಿ ಆಡಿಸುತ್ತದೆ, ಎರಡು ಮೂರು ಡಿಗ್ರಿ ತಂಪಾದಂತೆ ಅನಿಸುತ್ತದೆ. ಎ.ಸಿ. ಮತ್ತು ಫ್ಯಾನ್ ಒಟ್ಟಿಗೆ ಹಾಕಬಾರದು ಅನ್ನುವ ನಂಬಿಕೆ ಎಲ್ಲಿಂದ ಬಂತೋ, ಅದನ್ನು ಬಿಟ್ಟುಬಿಡಬಹುದು.

ಫಿಲ್ಟರ್ ಕೂಡ ನೋಡಿ. ಸ್ಪ್ಲಿಟ್ ಎ.ಸಿ.ಯ ಮುಂದಿನ ಮುಚ್ಚಳ ಎತ್ತಿದರೆ ಒಳಗೆ ಎರಡು ಜಾಲರಿಗಳಿರುತ್ತವೆ. ತಿಂಗಳುಗಟ್ಟಲೆ ತೊಳೆಯದಿದ್ದರೆ ಅದರ ಮೇಲೆ ಬೂದು ಬಣ್ಣದ ಧೂಳು ಕಂಬಳಿಯಂತೆ ಕೂತಿರುತ್ತದೆ. ಗಾಳಿ ಅದನ್ನು ದಾಟಲಾಗದೆ ಯಂತ್ರ ಗಂಟೆಗಟ್ಟಲೆ ಹೆಚ್ಚು ಓಡುತ್ತದೆ. ನಲ್ಲಿ ಕೆಳಗೆ ಹಿಡಿದು ತೊಳೆದು, ನೆರಳಲ್ಲಿ ಒಣಗಿಸಿ ಮತ್ತೆ ಸಿಕ್ಕಿಸಿದರೆ ಆಯಿತು.

ಎ.ಸಿ. ಗ್ಯಾಸ್: ಯಾರೂ ನೋಡದ ಸಾಲು

ಎಕ್ಸೆಲ್ ಶೀಟಿನಲ್ಲಿ ಗ್ಯಾಸ್ ಬಗ್ಗೆ ಯಾಕೆ ಕೇಳಿದ್ದಾರೆ? ಎ.ಸಿ. ಕೊಳವೆಗಳ ಒಳಗೆ ಬಿಸಿಯನ್ನು ಹೊತ್ತು ತಿರುಗುವುದು ಈ ಗ್ಯಾಸೇ. ಮುಚ್ಚಿದ ಕೊಳವೆಯಲ್ಲಿ ಇರುವ ತನಕ ಅದರಿಂದ ತೊಂದರೆ ಇಲ್ಲ. ಸೋರಿದರೆ ತೊಂದರೆ.

ತುಂಬಾ ಎ.ಸಿ.ಗಳಲ್ಲಿ ಇರುವ ಆರ್-410ಎ ಗ್ಯಾಸಿನ ಒಂದು ಕಿಲೋ, ಸುಮಾರು 2,088 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಎರಡು ಟನ್ ದಾಟಿತು! 900 ಲೀಟರ್ ಪೆಟ್ರೋಲ್ ಉರಿಸಿದಷ್ಟು. ಒಂದು ಸ್ಪ್ಲಿಟ್ ಎ.ಸಿ.ಯಲ್ಲಿ ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸು ಗ್ಯಾಸ್ ಇರುತ್ತದೆ. ಹೊಸ ಯಂತ್ರಗಳಲ್ಲಿ ಬರುವ ಆರ್-32ರ ಅಂಕಿ 675, ಮೂರನೇ ಒಂದು ಭಾಗ. 2016ರ ಕಿಗಾಲಿ ಒಪ್ಪಂದದಲ್ಲಿ ಜಗತ್ತಿನ ದೇಶಗಳು ಇಂಥ ಗ್ಯಾಸುಗಳನ್ನು ಹಂತಹಂತವಾಗಿ ಕಡಿಮೆ ಮಾಡಲು ಒಪ್ಪಿಕೊಂಡಿದ್ದು ಈ ಕಾರಣಕ್ಕೆ.

ಹಾಗಾಗಿ 'ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕು ಸಾರ್' ಅಂತ ಮೆಕ್ಯಾನಿಕ್ ಹೇಳಿದರೆ ಸುಮ್ಮನೆ ತಲೆಯಾಡಿಸಬೇಡಿ. ಸರಿಯಿರುವ ಎ.ಸಿ.ಯಲ್ಲಿ ಗ್ಯಾಸ್ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕಿ ಮುಚ್ಚದೆ ತುಂಬಿಸಿದರೆ ಅದೂ ಗಾಳಿಗೇ ಹೋಗುತ್ತದೆ. ಹಳೆಯ ಎ.ಸಿ. ತೆಗೆಸುವಾಗಲೂ ಗ್ಯಾಸನ್ನು ಸಿಲಿಂಡರಿಗೆ ಹಿಡಿದುಕೊಳ್ಳುತ್ತೀರಾ ಅಂತ ಮೊದಲೇ ಕೇಳಿ. ಪೈಪ್ ಕತ್ತರಿಸಿ 'ಬುಸ್' ಅಂತ ಬಿಟ್ಟುಬಿಡುವವರು ಬೇಕಾದಷ್ಟು ಜನ ಇದ್ದಾರೆ. ಆ ಒಂದು ಶಬ್ದಕ್ಕೆ ನೀವು ವರ್ಷವಿಡೀ ಉಳಿಸಿದ ಕಾಗದ ಸಮವಾಗುವುದಿಲ್ಲ.

ರಾತ್ರಿಯ ಮೀಟರ್

ದುಡ್ಡು ಖರ್ಚಿಲ್ಲದೆ ಮಾಡಬಹುದಾದ ಒಂದು ಪರೀಕ್ಷೆ ಇದೆ. ಸಂಜೆ ಎಲ್ಲರೂ ಹೋದ ಮೇಲೆ ಕೊನೆಗೆ ಬೀಗ ಹಾಕುವವರು ವಿದ್ಯುತ್ ಮೀಟರಿನ ಅಂಕಿ ಬರೆದುಕೊಳ್ಳಲಿ. ಬೆಳಗ್ಗೆ ಮೊದಲು ಬಂದವರು, ಏನನ್ನೂ ಆನ್ ಮಾಡುವ ಮುಂಚೆ, ಮತ್ತೆ ಬರೆದುಕೊಳ್ಳಲಿ. ಉದಾಹರಣೆಗೆ ಸಂಜೆ 8 ಗಂಟೆಗೆ 48,216, ಬೆಳಗ್ಗೆ 8 ಗಂಟೆಗೆ 48,252 ಇತ್ತು ಅನ್ನಿ. ವ್ಯತ್ಯಾಸ 36 ಯೂನಿಟ್, 12 ಗಂಟೆಯಲ್ಲಿ. ಅಂದರೆ ಗಂಟೆಗೆ 3 ಯೂನಿಟ್. ಮೂರು ಇಸ್ತ್ರಿಪೆಟ್ಟಿಗೆ ಖಾಲಿ ಆಫೀಸಿನಲ್ಲಿ ಇಡೀ ರಾತ್ರಿ ಕಾದಷ್ಟು ವಿದ್ಯುತ್ತು.

ಯಾರು ಬಳಸಿದರು? ಹುಡುಕಿದರೆ ಸಿಗುತ್ತಾರೆ. ಸರ್ವರ್ ಕೋಣೆಯ ಎ.ಸಿ. ಇರುತ್ತದೆ. ಬಿಸಿನೀರಿನ ಡಿಸ್ಪೆನ್ಸರ್ ರಾತ್ರಿಯಿಡೀ ನೀರು ಕಾಯಿಸುತ್ತಲೇ ಇರುತ್ತದೆ. ರಿಸೆಪ್ಷನ್ನಿನ ಟಿ.ವಿ. ಯಾರೂ ಇಲ್ಲದ ಕೋಣೆಗೆ ಕಂಪನಿಯ ಲೋಗೋ ತೋರಿಸುತ್ತಿರುತ್ತದೆ. ಸ್ಕ್ರೀನ್‌ಸೇವರ್ ಓಡುತ್ತಿರುವ ಡೆಸ್ಕ್‌ಟಾಪುಗಳಿರುತ್ತವೆ. ಸ್ಕ್ರೀನ್‌ಸೇವರ್ ವಿದ್ಯುತ್ ಉಳಿಸುತ್ತದೆ ಅಂತ ಇನ್ನೂ ತುಂಬಾ ಜನ ತಿಳಿದಿದ್ದಾರೆ. ಅದು ಬಂದಿದ್ದು ಹಳೆಯ ಡಬ್ಬಾ ಮಾನಿಟರುಗಳ ಗಾಜಿನ ಮೇಲೆ ಚಿತ್ರ ಅಚ್ಚಾಗಿ ಉಳಿಯಬಾರದು ಅಂತ. ವಿದ್ಯುತ್ ಉಳಿಯಬೇಕಾದರೆ ಕಂಪ್ಯೂಟರ್ ಸ್ಲೀಪ್ ಆಗಬೇಕು. ಹತ್ತು ಹದಿನೈದು ನಿಮಿಷ ಸುಮ್ಮನಿದ್ದರೆ ತಾನೇ ಸ್ಲೀಪ್ ಆಗುವಂತೆ ಐ.ಟಿ.ಯವರು ಎಲ್ಲ ಯಂತ್ರಕ್ಕೂ ಒಮ್ಮೆಲೇ ಸೆಟ್ ಮಾಡಬಹುದು. ಡಿಸ್ಪೆನ್ಸರಿಗೆ ಒಂದು ಟೈಮರ್ ಸಾಕು.

ಲೈಟಿನ ವಿಷಯ ಬೇಗ ಮುಗಿಯುತ್ತದೆ. ಹಳೆಯ 36 ವ್ಯಾಟ್ ಟ್ಯೂಬ್‌ಲೈಟಿನ ಕೆಲಸವನ್ನು 18–20 ವ್ಯಾಟಿನ ಎಲ್‌ಇಡಿ ಮಾಡುತ್ತದೆ. ದೀಪ ಬಿಡುವ ಬಿಸಿಯೂ ಕಡಿಮೆ, ಹಾಗಾಗಿ ಎ.ಸಿ.ಯ ಕೆಲಸವೂ ಅಷ್ಟು ಕಡಿಮೆ. ಹಳೆಯ ಟ್ಯೂಬುಗಳಲ್ಲಿ ಪಾದರಸ ಇರುತ್ತದೆ, ಒಡೆದು ಕಸಕ್ಕೆ ಹಾಕಬಾರದು.

ಲ್ಯಾಪ್‌ಟಾಪ್: ಕೊಳ್ಳುವ ಹೊತ್ತಿಗೇ ಆಗಿಹೋದ ಖರ್ಚು

ಎ.ಸಿ.ಯ ಕಾರ್ಬನ್ ಹೆಚ್ಚಾಗಿ ಓಡಿಸುವಾಗ ಆಗುವುದು. ಲ್ಯಾಪ್‌ಟಾಪಿನದ್ದು ಉಲ್ಟಾ. ಅದು ವಿದ್ಯುತ್ ಬಳಸುವುದೇ ಕಡಿಮೆ. ಆದರೆ ಚಿಪ್, ಪರದೆ, ಬ್ಯಾಟರಿ ತಯಾರಿಸಲು ತುಂಬಾ ಶಕ್ತಿ ಬೇಕು. ತಯಾರಕ ಕಂಪನಿಗಳೇ ತಮ್ಮ ಮಾಡೆಲುಗಳ ಕಾರ್ಬನ್ ಲೆಕ್ಕ ಪ್ರಕಟಿಸುತ್ತವೆ. ಹೆಚ್ಚಿನವುಗಳ ಒಟ್ಟು ಮೊತ್ತ 200ರಿಂದ 300 ಕಿಲೋ ಆಸುಪಾಸು, ಅದರಲ್ಲಿ ದೊಡ್ಡ ಪಾಲು ತಯಾರಿಕೆಯದ್ದು. ಡಬ್ಬಿ ಬಿಚ್ಚುವ ಮೊದಲೇ ಅದು ಗಾಳಿ ಸೇರಿ ಆಗಿರುತ್ತದೆ.

ಇದರಿಂದ ಹೊರಡುವ ಲೆಕ್ಕ ಸರಳ. ಮೂರು ವರ್ಷಕ್ಕೆ ಬದಲಿಸುವ ಲ್ಯಾಪ್‌ಟಾಪನ್ನು ಆರು ವರ್ಷ ಬಳಸಿದರೆ ವರ್ಷಕ್ಕೆ ಬೀಳುವ ತಯಾರಿಕೆಯ ಕಾರ್ಬನ್ ಅರ್ಧ. ಹೊಸ ಬ್ಯಾಟರಿ, ಸ್ವಲ್ಪ ಹೆಚ್ಚು ಮೆಮೊರಿ, ಹಳೆಯ ಹಾರ್ಡ್‌ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಆಫೀಸ್ ಕೆಲಸಕ್ಕೆ ಸಾಕಷ್ಟು ದಿನ ಬರುತ್ತದೆ. ಆದರೆ ಕೊಳ್ಳುವಾಗಲೇ ಬಿಚ್ಚಿ ಬದಲಿಸಲು ಬರುವ ಮಾಡೆಲ್ ಆರಿಸಿರಬೇಕು. ಮೆಮೊರಿ, ಬ್ಯಾಟರಿ ಎಲ್ಲ ಅಂಟಿಸಿ ಬೆಸೆದಿದ್ದರೆ ಏನೂ ಮಾಡಲಾಗದು. ಕುರ್ಚಿ ಮೇಜುಗಳಿಗೂ ಇದೇ ಮಾತು. ಇರುವ ಗಟ್ಟಿ ಕುರ್ಚಿ ಎಸೆದು 'ಪರಿಸರಸ್ನೇಹಿ' ಕುರ್ಚಿ ತರುವುದು ಯಾವ ಲೆಕ್ಕದಲ್ಲೂ ಉಳಿತಾಯವಲ್ಲ.

ನಿಜಕ್ಕೂ ಕೆಟ್ಟುಹೋದದ್ದನ್ನು ಏನು ಮಾಡಬೇಕು? ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಬಂತು. ಸರಿಯಾದ ರೀತಿಯಲ್ಲಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದು ಶೇ. 22.3 ಮಾತ್ರ. ಅಧಿಕೃತ ಪರವಾನಗಿ ಇರುವವರಿಗೆ ಕೊಟ್ಟು ರಸೀದಿ ಪಡೆಯಿರಿ. ಕೊಡುವ ಮುಂಚೆ ಡಿಸ್ಕ್ ಪೂರ್ತಿ ಅಳಿಸಿ. ತುಂಬಾ ಆಫೀಸುಗಳ ಸ್ಟೋರಿನಲ್ಲಿ ಹಳೆಯ ಕಂಪ್ಯೂಟರುಗಳು ಧೂಳು ತಿನ್ನುತ್ತಾ ಬಿದ್ದಿರುವುದು ಈ ಡೇಟಾ ಭಯದಿಂದಲೇ.

ಓಡಾಟ

ಸಿಬ್ಬಂದಿಯ ಓಡಾಟದ ಲೆಕ್ಕ ಕಷ್ಟವಲ್ಲ. ಪ್ರತಿಯೊಬ್ಬರಿಂದ ಮೂರು ಉತ್ತರ ಬೇಕು: ಎಷ್ಟು ದೂರ, ಯಾವುದರಲ್ಲಿ, ವಾರಕ್ಕೆ ಎಷ್ಟು ದಿನ. ಒಂದು ಕಾರಿನಲ್ಲಿ ಇಬ್ಬರು ಬಂದರೆ ತಲೆಗೆ ಅರ್ಧ. ತುಂಬಿದ ಬಸ್ಸು, ರೈಲಿನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ. ಆಫೀಸು ಜಾಗ ಬದಲಿಸುವಾಗ ಬಸ್ಸು ರೈಲು ಹತ್ತಿರವಿರುವ ಕಡೆ ನೋಡಿದರೆ, ಅದೊಂದೇ ತೀರ್ಮಾನ ಹತ್ತು ವರ್ಷದ ಓಡಾಟವನ್ನು ಬದಲಿಸುತ್ತದೆ.

ಮನೆಯಿಂದ ಕೆಲಸ ಮಾಡಿದರೆ ಉಳಿಯುತ್ತದಾ? ಓಡಾಟದ ಮಟ್ಟಿಗೆ ಹೌದು. ಆದರೆ ಅರ್ಧ ಜನ ಮಾತ್ರ ಬಂದ ದಿನವೂ ಇಡೀ ಮಹಡಿಯ ಎ.ಸಿ., ಲೈಟು ಓಡುತ್ತಿದ್ದರೆ ಕಟ್ಟಡದಲ್ಲಿ ಏನೂ ಉಳಿಯಲಿಲ್ಲ, ಮನೆಯಲ್ಲಿ ಇನ್ನೊಂದು ಫ್ಯಾನು ಶುರುವಾಯಿತು ಅಷ್ಟೇ. ಎಲ್ಲರೂ ಒಂದೇ ದಿನಗಳಲ್ಲಿ ಬಂದು, ಉಳಿದ ದಿನ ಮಹಡಿಯನ್ನೇ ಮುಚ್ಚಿದರೆ ಎರಡೂ ಕಡೆ ಉಳಿಯುತ್ತದೆ.

ವಿಮಾನದ ಮಾತು ಬೇರೆಯೇ. ಒಬ್ಬರನ್ನು ಒಂದು ಕಿಲೋಮೀಟರ್ ಒಯ್ಯಲು 100 ಗ್ರಾಂಗೂ ಮೇಲೆ. ಎರಡು ಗಂಟೆಯ ಮೀಟಿಂಗಿಗಾಗಿ 2,000 ಕಿಲೋಮೀಟರ್ ಹೋಗಿ ಬಂದರೆ ತಲೆಗೆ 400 ಕಿಲೋ ದಾಟುತ್ತದೆ. ದೂರದ ಪ್ರಯಾಣದಲ್ಲಿ ಬಿಸಿನೆಸ್ ಕ್ಲಾಸಿಗೆ ಇದರ ಎರಡು ಮೂರು ಪಟ್ಟು ಹಾಕುತ್ತಾರೆ, ಒಂದು ಸೀಟು ಅಷ್ಟು ಜಾಗ ತಿನ್ನುತ್ತದಲ್ಲ. ಹಳೆಯ ಇಮೇಲ್ ಅಳಿಸಿ ಭೂಮಿ ಉಳಿಸಿ ಅನ್ನುವ ಸುತ್ತೋಲೆ ಬಂದರೆ ಈ ಅಂಕಿಯನ್ನು ಪಕ್ಕದಲ್ಲಿ ಇಟ್ಟು ನೋಡಿ.

ಗಿಡ, ಸರ್ಟಿಫಿಕೇಟು, 'ಹಸಿರು' ವಿದ್ಯುತ್ತು

ಕುಂಡದ ಗಿಡ ಆಫೀಸಿನ ಗಾಳಿ ಶುದ್ಧ ಮಾಡುತ್ತದೆ ಅನ್ನುವ ಮಾತಿನ ಮೂಲ 1989ರ ನಾಸಾ ಅಧ್ಯಯನ. ಅದು ನಡೆದಿದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಗಳಲ್ಲಿ. 2019ರಲ್ಲಿ ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಸಂಶೋಧಕರು ಒಂದು ಲೆಕ್ಕ ಕೊಟ್ಟರು. ಕಟ್ಟಡದಲ್ಲಿ ಸಾಮಾನ್ಯವಾಗಿ ಆಡುವ ಗಾಳಿಗೆ ಗಿಡಗಳು ಸಾಟಿಯಾಗಬೇಕಾದರೆ ಒಂದು ಚದರ ಮೀಟರಿಗೆ ಕನಿಷ್ಠ ಹತ್ತು ಗಿಡ ಬೇಕು, ಕೆಲವು ಸಂದರ್ಭದಲ್ಲಿ ಸಾವಿರ! ಕೂರಲು ಜಾಗವೇ ಉಳಿಯುವುದಿಲ್ಲ. ಕಣ್ಣಿಗೆ ಹಿತ, ಇಟ್ಟುಕೊಳ್ಳಿ. ಗಾಳಿಗೆ ಕಿಟಕಿ ತೆರೆಯಿರಿ.

ಐಎಸ್ಒ 14001 ಸರ್ಟಿಫಿಕೇಟ್ ಅಂದರೆ ಪರಿಸರದ ವಿಷಯ ನೋಡಿಕೊಳ್ಳಲು ಕಂಪನಿಯಲ್ಲಿ ಒಂದು ವ್ಯವಸ್ಥೆ ಇದೆ ಅಂತ. ಕಾರ್ಬನ್ ಇಷ್ಟೇ ಇದೆ ಅಂತ ಅದು ಹೇಳುವುದಿಲ್ಲ. ಲೀಡ್, ಬ್ರೀಯಾಮ್ ಮುಂತಾದವು ಕಟ್ಟಡಕ್ಕೆ ಅಂಕ ಕೊಡುತ್ತವೆ. ಒಳ್ಳೆಯ ಅಂಕ ಪಡೆದ ಕಟ್ಟಡದಲ್ಲೂ ರಾತ್ರಿ ಲೈಟು ಉರಿಯಬಹುದು.

ವಿದ್ಯುತ್ತಿನ ವಿಷಯದಲ್ಲಿ ಸ್ವಲ್ಪ ಗಮನ ಬೇಕು. ಕಲ್ಲಿದ್ದಲಿನಿಂದ ಬಂದ ಒಂದು ಯೂನಿಟ್‌ಗೆ ಸುಮಾರು ಒಂದು ಕಿಲೋ ಕಾರ್ಬನ್. ಸೋಲಾರ್ ಫಲಕ ತಯಾರಿಸಿದ ಖರ್ಚೂ ಸೇರಿಸಿ ಲೆಕ್ಕ ಹಾಕಿದರೆ ಒಂದು ಯೂನಿಟ್‌ಗೆ ಕೆಲವೇ ಹತ್ತು ಗ್ರಾಂ. ಹಾಗಾಗಿ ಆಫೀಸುಗಳು ಹಸಿರು ವಿದ್ಯುತ್ತಿನ ಸರ್ಟಿಫಿಕೇಟ್ (ಎಲ್ಲೋ ಇಷ್ಟು ಯೂನಿಟ್ ಸೋಲಾರ್, ಗಾಳಿ ವಿದ್ಯುತ್ತು ತಯಾರಾಗಿದೆ ಅನ್ನುವ ಪತ್ರ) ಕೊಂಡು ತಮ್ಮ ಸ್ಕೋಪ್ 2 ಸೊನ್ನೆ ಅಂತ ತೋರಿಸುತ್ತವೆ. ತಂತಿಯಲ್ಲಿ ಬರುವ ವಿದ್ಯುತ್ತು ಮಾತ್ರ ಎಲ್ಲರಿಗೂ ಬರುವುದೇ. ಈ ಗೊಂದಲ ಬೇಡ ಅಂತ 2015ರಿಂದ ಗ್ರೀನ್‌ಹೌಸ್ ಗ್ಯಾಸ್ ಪ್ರೋಟೋಕಾಲ್ ಎರಡು ಅಂಕಿ ಕೇಳುತ್ತದೆ: ನಿಮ್ಮ ಪ್ರದೇಶದ ಗ್ರಿಡ್, ಅಂದರೆ ಎಲ್ಲರಿಗೂ ಬರುವ ವಿದ್ಯುತ್ ಜಾಲದ ಲೆಕ್ಕದಲ್ಲಿ ಒಂದು, ಸರ್ಟಿಫಿಕೇಟ್ ಲೆಕ್ಕದಲ್ಲಿ ಇನ್ನೊಂದು. ಶೀಟಿನಲ್ಲಿ ಎರಡೂ ಕಾಲಮ್ ಇದ್ದರೆ ಎರಡನ್ನೂ ತುಂಬಿಸಿ.

ಕಟ್ಟಡ ಬಾಡಿಗೆಯದ್ದಾದರೆ

ಹೆಚ್ಚಿನ ಆಫೀಸುಗಳು ಬಾಡಿಗೆ ಜಾಗದಲ್ಲಿವೆ. ಇಲ್ಲೊಂದು ಹಳೆಯ ಸಿಕ್ಕು ಇದೆ. ಎ.ಸಿ. ಕೊಳ್ಳುವವರು ಮಾಲೀಕರು, ಅದರ ವಿದ್ಯುತ್ ಬಿಲ್ ಕಟ್ಟುವವರು ಬಾಡಿಗೆಯವರು. ದುಡ್ಡು ಹೆಚ್ಚು ಕೊಟ್ಟು ಒಳ್ಳೆಯ ಯಂತ್ರ ತಂದರೆ ಮಾಲೀಕರಿಗೆ ಲಾಭವಿಲ್ಲ. ನಾಳೆ ಬಿಟ್ಟುಹೋಗುವ ಜಾಗಕ್ಕೆ ಬಾಡಿಗೆಯವರು ಯಾಕೆ ಖರ್ಚು ಮಾಡುತ್ತಾರೆ? ಹೀಗೆ ಹಳೆಯ ಯಂತ್ರ ಓಡುತ್ತಲೇ ಇರುತ್ತದೆ.

ಇದು ಬಿಡಿಸುವ ಸಮಯ ಕರಾರು ನವೀಕರಿಸುವಾಗ. ನಿಮ್ಮ ಮಹಡಿಗೆ ಪ್ರತ್ಯೇಕ ಮೀಟರ್ ಇರಲಿ ಅಂತ ಕೇಳಬಹುದು. ಅದಿಲ್ಲದೆ ಇಡೀ ಕಟ್ಟಡದ ಬಿಲ್ಲನ್ನು ಚದರ ಅಡಿಗೆ ಹಂಚುತ್ತಿದ್ದರೆ ನೀವು ಉಳಿಸಿದ್ದು ಬಿಲ್ಲಿನಲ್ಲಿ ಕಾಣುವುದೇ ಇಲ್ಲ, ಎಕ್ಸೆಲ್ ಶೀಟಿಗೂ ಅಂದಾಜು ಬರೆಯಬೇಕಾಗುತ್ತದೆ. ಎ.ಸಿ. ಬದಲಿಸಿದ ಖರ್ಚನ್ನು, ಬಿಲ್ಲಿನಲ್ಲಿ ಉಳಿದ ದುಡ್ಡಿನಿಂದ ಕಂತುಗಳಲ್ಲಿ ಇಬ್ಬರೂ ಹಂಚಿಕೊಳ್ಳುವ ಷರತ್ತನ್ನೂ ಕರಾರಿನಲ್ಲಿ ಸೇರಿಸಬಹುದು. ಸಂಜೆ ಎಷ್ಟು ಗಂಟೆಗೆ ಸೆಂಟ್ರಲ್ ಎ.ಸಿ. ನಿಲ್ಲಬೇಕು, ಗ್ಯಾಸ್ ಎಷ್ಟು ತುಂಬಿಸಿದರು ಅನ್ನುವ ದಾಖಲೆ ಯಾರು ಇಡಬೇಕು ಅನ್ನುವುದೂ ಅಲ್ಲೇ ಬರೆದಿರಲಿ. ಸಹಿ ಬಿದ್ದ ಮೇಲೆ ಕೇಳಿದರೆ ಮುಂದಿನ ನವೀಕರಣದ ತನಕ ಕಾಯಬೇಕು.